ಚೊಚ್ಚಲ ಕಡಸೂ ನಮ್ಮ ಷಡ್ಡಕನೂ

ನಮ್ಮ ಷಡ್ಡಕ ನಡೆದು ಬರುವುದನ್ನು ದೂರದಿಂದ ನೋಡಿದವರು, ದಿನ ತುಂಬಿದ ಹಸುವೊಂದು ಎರಡೇ ಕಾಲಿನಲ್ಲಿ ಬರುತ್ತಿದೆಯೆಂದು ದಾರಿ ಬಿಡುತ್ತಾರೆ. ಹೆಜ್ಜೆಯಿಟ್ಟು ನಿಲ್ಲುತ್ತಾನೆ, ನೆಲ ಒಪ್ಪಿತೋ ಇಲ್ಲವೋ ಎಂದು ವಿಚಾರಿಸುತ್ತಾನೆ, ಆಮೇಲೆ ಇನ್ನೊಂದು ಹೆಜ್ಜೆ. ಅವನ ಹಿಂದೆ ಹೊರಟ ಆಮೆಯೊಂದು ಬೇಸತ್ತು ಮುಂದೆ ಹೋಯಿತೆಂಬ ಸುದ್ದಿಯನ್ನು ಹಬ್ಬಿಸಿದವನು ನಾನೇ.

ನನ್ನ ಹೆಂಡತಿಯ ಅಕ್ಕನ ಗಂಡ ಇವನು. ವಯಸ್ಸಿನಲ್ಲಿ ನನಗಿಂತ ಕಿರಿಯ, ಸಂಬಂಧದಲ್ಲಿ ಹಿರಿಯ. ಎದುರಿಗೆ "ಅಣ್ಣಾ, ಬನ್ನಿ" ಎನ್ನಲೇಬೇಕು. ಬರಹದಲ್ಲಿ ಮಾತ್ರ ಏಕವಚನ. ಅವನ ಮೇಲೆ ಈ ಜನ್ಮದಲ್ಲಿ ನಾನು ಸಾಧಿಸಿದ ದಿಗ್ವಿಜಯ ಅದೊಂದೇ.

ಅವನ ಕಂದು ಕೋಟಿಗೆ ಹಸುಗಳು ಈಯುವ ಕಾಲ ಮುಗಿಯುವ ತನಕ ಸಾಬೂನಿನ ದರ್ಶನವಿಲ್ಲ. "ಚೊಚ್ಚಲ ಕಡಸಿಗೆ ಎಲ್ಲಾ ಹೊಸದೇ. ವಾಸನೆನಾದ್ರೂ ಹಳೇದಿರ್ಲಿ" ಎಂಬುದು ಅವನ ಸಿದ್ಧಾಂತ. ಕಳಚಿಟ್ಟರೆ ಆ ಕೋಟು ತಾನಾಗಿಯೇ ನಿಲ್ಲುತ್ತದೆ. ಹುಲ್ಲು ತೋರಿಸಿದರೆ ನಾಲ್ಕು ಹೆಜ್ಜೆ ಬಂದರೂ ಬಂದೀತು. ಆದರೆ ಮೊದಲ ಸಲ ಗಬ್ಬವಾಗಿ, ನೊಣ ಕೂತರೂ ಬೆಚ್ಚುವ ಕಡಸುಗಳು ಅದರ ತೋಳಿಗೆ ಮೂತಿಯೊರಗಿಸಿ ನಿಲ್ಲುವುದನ್ನು ಕಂಡಾಗ ನನ್ನ ಹೊಟ್ಟೆಯಲ್ಲಿ ಹೊತ್ತಿಕೊಳ್ಳುವ ಬೆಂಕಿಗೆ ಒಂದು ಹಂಡೆ ನೀರು ಕಾಯುತ್ತದೆ. ನನ್ನ ಮೊಮ್ಮಕ್ಕಳೂ ನನ್ನ ಬಳಿ ಹಾಗೆ ಬಂದವರಲ್ಲ.

ಅವನ ನಿದ್ದೆಯ ಮೇಲೂ ನನಗೆ ಮತ್ಸರ. ಗಬ್ಬದ ಹಸುಗಳಿಗೆ ಅವನು ಮೇವು ಹಾಕುವುದೇ ಹೊತ್ತು ಮುಳುಗುವಾಗ. ಹಾಗೆ ಮಾಡಿದರೆ ಹೆಚ್ಚಿನವು ಹಗಲಲ್ಲೇ ಈಯುತ್ತವಂತೆ. ಈಯುವುದೂ ನಿಜ. ನನ್ನವು ನಾನು ಕಣ್ಣು ಮುಚ್ಚುವುದನ್ನೇ ಕಾದಿರುತ್ತವೆ. ಅವನವೋ, ಯಜಮಾನರ ತಿಂಡಿ ಆಯಿತೇ ಎಂದು ಕೇಳಿಕೊಂಡೇ ನೋವು ತಿನ್ನತೊಡಗುತ್ತವೆ.

ಚೊಚ್ಚಲ ಕಡಸನ್ನು ಹಳೆಯ ಹಸುಗಳ ಜೊತೆ ಬಿಡಬಾರದೆಂಬುದು ಅವನ ಇನ್ನೊಂದು ಹಟ. "ಅನುಭವ ಇದ್ದೋರು ಪಕ್ಕದಲ್ಲಿದ್ರೆ ಧೈರ್ಯ ಅಲ್ವೇನಣ್ಣಾ?" ಎಂದು ವಾದಿಸಿ, ನನ್ನ ಒಂದೇ ಒಂದು ಕಡಸನ್ನು ನಾನು ಮುದಿ ಹಸುವಿನ ಅಂಕಣದಲ್ಲೇ ಬಿಟ್ಟೆ. ಕಡಸೇನೋ ಸಲೀಸಾಗಿ ಈದಿತು. ಆದರೆ ಅದು ಸುಧಾರಿಸಿಕೊಂಡು ಏಳುವಷ್ಟರಲ್ಲಿ, ತಾನೂ ಇಂದೋ ನಾಳೆಯೋ ಈಯಲಿದ್ದ ಮುದಿ ಹಸು ಆ ಕರುವನ್ನು ನೆಕ್ಕಿ ನೆಕ್ಕಿ ತನ್ನದಾಗಿಸಿಕೊಂಡಿತ್ತು. ಎಳೆ ತಾಯಿಗೆ ತಾನು ಹೆತ್ತದ್ದೇ ಮರೆತುಹೋಯಿತು. ಕರುವನ್ನು ಕೆಚ್ಚಲಿಗೆ ಒಯ್ದರೆ ಒದ್ದಿತು. ಗಿಣ್ಣುಹಾಲು ಕರೆಯಹೋದ ನಾನು ಗೋಡೆಯ ಮೇಲೆ ಚಿತ್ರವಾದೆ. ಹಾಲಿಲ್ಲದೆ ಕರು ಕತ್ತು ಚೆಲ್ಲಿತು.

"ಭಾವನ್ನ ಕರೀತೀನಿ" ಎಂದಳು ಹೆಂಡತಿ.

"ಅವರು ಬರೋ ಹೊತ್ತಿಗೆ ಈ ಕರುಗೂ ಮೊಮ್ಮಕ್ಕಳಾಗಿರ್ತವೆ!"

"ನಿಮ್ಮ ಕೈಗೆ ಬಿಟ್ರೆ ಅದು ನಾಳೇನೂ ಕಾಣಲ್ಲ."

ಬಂದ. ಮುದಿ ಹಸುವನ್ನು ಅಂಕಣಗಳ ನಡುವಿನ ಅಡ್ಡಗಳದ ಆಚೆಗೆ ದಾಟಿಸಿದ. ಕರುವಿನ ಬೆನ್ನಿಗೆ ತೌಡು, ಉಪ್ಪು ಉದುರಿಸಿ ಕಡಸಿನ ಮುಂದಿಟ್ಟ. ಅದು ಮೂಸಿತು, ಮುಖ ತಿರುಗಿಸಿತು. ಕರು ಸಾಯುತ್ತಿರುವಾಗಲೂ, 'ಇವನೂ ಸೋತ' ಎಂದು ನನ್ನೊಳಗೆ ಏನೋ ಕುಣಿಯಿತು, ಮತ್ಸರಕ್ಕೆ ಮಾನವಿಲ್ಲ.

ಆಗ ಅವನು ಕರುವನ್ನೆತ್ತಿ ಅಡ್ಡಗಳದ ಪಕ್ಕಕ್ಕೇ ಒಯ್ದು ಮಲಗಿಸಿದ. ಮುದಿ ಹಸು ಗಳದ ಸಂದಿಯಿಂದ ನಾಲಿಗೆ ಚಾಚಿ, ತನ್ನದೇ ಎಂಬಂತೆ ಮೆಲ್ಲಗೆ ಅಂಬಾ ಎಂದು ಕರೆಯಿತು. ಕಡಸಿನ ಕಿವಿ ನಿಮಿರಿತು. ಬುಸುಗುಟ್ಟುತ್ತ ಬಂದು ಮುದಿ ಹಸುವಿಗೂ ಕರುವಿಗೂ ನಡುವೆ ಕೊಂಬು ತಗ್ಗಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ತೌಡನ್ನು ನೆಕ್ಕಿತು, ಆಮೇಲೆ ತೌಡಿಲ್ಲದ ಕಡೆಯೂ ನೆಕ್ಕಿತು. ಕರುವನ್ನು ಎತ್ತಿ ನಿಲ್ಲಿಸಿದ. ಅದು ತಡಕಾಡಿ ಮೊಲೆ ಹಿಡಿದಾಗ ಕಡಸು ಕಾಲೆತ್ತಲಿಲ್ಲ.

"ಪ್ರೀತಿ ಬರೋಕೆ ಸ್ವಲ್ಪ ತಡ ಆಗುತ್ತೆ. ಹೊಟ್ಟೆಕಿಚ್ಚು ಓಡ್ತಾ ಬರುತ್ತೆ" ಎಂದ, ನನ್ನ ಕಡೆ ನೋಡದೆ. "ಅದನ್ನ ಮುಂದೆ ಬಿಟ್ಟೆ. ಹಿಂದೆ ಪ್ರೀತೀನೂ ಬಂತು."

ಹೆಂಡತಿ ನಕ್ಕ ರಭಸಕ್ಕೆ ಸೂರಿನ ಪಾರಿವಾಳಗಳು ಊರು ಬಿಟ್ಟವು. ಟೀ ಮೊದಲು ಭಾವನಿಗೆ, ಅದೂ ದೊಡ್ಡ ಲೋಟದಲ್ಲಿ.

ಇಂಥವರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ಅವರು ನಮ್ಮನ್ನು ಸೋಲಿಸಲು ಬರುವುದಿಲ್ಲ. ಬಂದಿದ್ದರೆ ಜಗಳವಾಡಿಯಾದರೂ ಸುಖವಾಗಿರಬಹುದಿತ್ತು. ಪಶುವಿನ ಭಯವನ್ನಾಗಲಿ ಮನುಷ್ಯನ ಮತ್ಸರವನ್ನಾಗಲಿ ತಿದ್ದುವ ಗೋಜಿಗೆ ಹೋಗದೆ, ಅದನ್ನೂ ಒಂದು ಗೂಟಕ್ಕೆ ಕಟ್ಟಿ, ಮುಂದಿಷ್ಟು ಹಿಂಡಿ ಇಟ್ಟು, ಮೈ ಸವರುತ್ತ ಹಾಲು ಕರೆದುಕೊಂಡುಬಿಡುತ್ತಾರೆ. ಒದೆಯಬೇಕೆಂದು ಎತ್ತಿದ ನಮ್ಮ ಕಾಲು ಅಲ್ಲೇ ನಿಂತಿರುತ್ತದೆ.