ಬಾಣಂತಿ ಮಂಚದ ಕೆಳಗಿನ ಬಿಸಿ

೧೯೪೩ನೇ ಇಸವಿ ಡಿಸೆಂಬರ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹುಣಸೂರಿನ ಇದ್ದಿಲ ಡಿಪೋದ ಹಿಂದೆ ನೀಲಕಂಠಸ್ವಾಮಿ ಮಂಡಿಯೂರಿ, ನೆಲಕ್ಕೆ ಹೊಡೆದ ಕಬ್ಬಿಣದ ಕೊಳವೆಯಿಂದ ದಾರ ಕಟ್ಟಿದ ಥರ್ಮಾಮೀಟರನ್ನು ಮೇಲೆಳೆದ. ಅರವತ್ತೊಂದು ಡಿಗ್ರಿ ಸೆಂಟಿಗ್ರೇಡ್.

ಯುದ್ಧಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಕೋಟೆ ತಾಲ್ಲೂಕಿನ ಕಾಡಿನಿಂದ ಬಂದ ಇದ್ದಿಲನ್ನು ಇಲ್ಲಿ ಜರಡಿ ಹಿಡಿದು, ಪುಡಿಯನ್ನು ಹಿಂದಿನ ತಗ್ಗಿಗೆ ಸುರಿಯುತ್ತಿದ್ದರು. ತಗ್ಗು ತುಂಬಿ ಗುಡ್ಡವಾಗಿ, ದೀಪಾವಳಿಯ ಹೊತ್ತಿಗೆ ಒಳಗೊಳಗೇ ಹೊತ್ತಿಕೊಂಡಿತ್ತು. ಮೇಲೆ ಹೊಗೆಯೂ ಇಲ್ಲ, ಕೆಂಡವೂ ಇಲ್ಲ. ಬೆಂಕಿ ಎಲ್ಲಿದೆಯೆಂದು ತಿಳಿಯದೆ ಅಗೆದರೆ ಗಾಳಿ ಹೊಕ್ಕು ಇನ್ನಷ್ಟು ಉರಿಯುತ್ತದೆ. ಅದಕ್ಕೇ ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದ ಈ ಡಿಪೋ ಅಧಿಕಾರಿ ಮಾರು ದೂರಕ್ಕೊಂದು ಕೊಳವೆ ಹೊಡೆಸಿ, ಒಂದೇ ಬಿಸಿಯ ಜಾಗಗಳನ್ನು ಗೆರೆಯಿಂದ ಸೇರಿಸಿ ನಕ್ಷೆ ಬರೆಯುತ್ತಿದ್ದ.

ಇವತ್ತು ಒಂದು ಗೆರೆ ನಾಲಿಗೆಯಂತೆ ಗುಡ್ಡದಿಂದಾಚೆ ಚಾಚಿತ್ತು, ಕಾವಲುಗಾರ ದೊಡ್ಡಮಾದಯ್ಯನ ಗುಡಿಸಲಿನ ಕೆಳಕ್ಕೆ. ಇದ್ದಿಲ ಪುಡಿಯನ್ನೇ ಹರಡಿ ಮಟ್ಟ ಮಾಡಿ, ಮೇಲೆ ಮಣ್ಣು ಬಡಿದು ಕಟ್ಟಿದ ಗುಡಿಸಲು ಅದು. ಒಳಗೆ ಅವನ ಮಗಳು ಚಾಮುಂಡಮ್ಮ, ಐದು ದಿನದ ಬಾಣಂತಿ.

ನೀಲಕಂಠಸ್ವಾಮಿ ಗುಡಿಸಲ ಬಾಗಿಲಿಗೆ ಓಡಿದ. “ಅವ್ವಾ, ಇವರನ್ನ ಈಗಲೇ ಇಲ್ಲಿಂದ ಕರ್ಕೊಂಡು ಹೋಗಬೇಕು.”

ಬಾಣಂತಿಯ ತಾಯಿ ಸಣ್ಣತಾಯಮ್ಮ ಬಾಗಿಲಿಗೆ ಅಡ್ಡ ನಿಂತಳು. “ಚೆಂದಾಗೇಳ್ತೀರಿ ಬುದ್ದಿ! ಹಸೀ ಬಾಣಂತೀನ ಈ ಥಂಡಿಗೆ ಬುಡಾದಾ? ನೆಲ ಬೆಚ್ಚಗದೆ, ಮಾದಪ್ಪ ದೇವ್ರೇ ಕೊಟ್ಟಂಗದೆ. ಗಾಳಿ ನುಗ್ಗದಂಗೆ ಸಂದಿಗೊಂದಿಗೆಲ್ಲ ಹಳೇ ಸೀರೆ ತುರುಕಿವ್ನಿ.”

“ಮಗಳಿಗೆ ತಲೆನೋವು ಇದೆಯಾ?”

“ಅದು ಶೀತದ್ದು. ಅದ್ಕೇ ಇವತ್ತಿಂದ ಮಂಚ ಬ್ಯಾಡ, ತಾಯಿ-ಮಗೀನ ಬೆಚ್ಚನೇ ನೆಲದ ಮ್ಯಾಲೇ ಮಲಗಿಸ್ತೀನಿ. ನೀವು ಆ ಗಾಜಿನ ಕಡ್ಡಿ ಇಳಿಬುಟ್ಕಂಡು ಮೀನ್ ಇಡ್ಕಳಿ ಓಗಿ.” ಆಮೇಲೆ ದನಿ ತಗ್ಗಿಸಿದಳು. “ಯಾರ ಕಣ್ಣು ಬಿತ್ತೋ ಕಾಣೆ, ಮಂಚದ ಕೆಳಗಿಟ್ಟ ದೀಪ ಮಾತ್ರ ನಿಲ್ಲಾಕಿಲ್ಲ. ಗೂಡಲ್ಲಿಟ್ರೆ ಉರೀತದೆ.”

ನೀಲಕಂಠಸ್ವಾಮಿ ಗೋಡೆಯ ಗೂಡಿನಲ್ಲಿ ಉರಿಯುತ್ತಿದ್ದ ದೀಪದತ್ತ ಕೈ ತೋರಿಸಿದ. “ಆ ದೀಪ ತಗೊಂಡು ನೀನೇ ಮೆಲ್ಲಗೆ ಕೆಳಗಿಳಿಸವ್ವಾ.”

ಅವಳು ಇಳಿಸಿದಳು. ಸೊಂಟದ ಮಟ್ಟದಲ್ಲಿ ಕುಡಿ ನೆಟ್ಟಗಿತ್ತು. ಮಂಡಿಯ ಹತ್ತಿರ ಕುಗ್ಗಿತು. ನೆಲ ಮುಟ್ಟುವಾಗ ಯಾರೂ ಊದದೆ ಆರಿಹೋಯಿತು.

“ಕೆಳಗೆ ಬೆಂಕಿ ಇದೆ. ಅದರ ಕೆಟ್ಟ ಗಾಳಿ ಬಿರುಕಿನಿಂದ ಬಂದು ನೆಲದ ಮೇಲೆ ನಿಲ್ತಿದೆ.”

ಸಣ್ಣತಾಯಮ್ಮ ಆರಿದ ಬತ್ತಿಯನ್ನೂ ನೆಲವನ್ನೂ ನೋಡಿದಳು. “ಇಲ್ಲೇ ಕನಪ್ಪಾ ಕೂಸ್ನ ಮಲಗುಸ್ಬೇಕು ಅಂತಿದ್ದುದ್ದು,” ಎಂದವಳೇ ಸಂದಿಗಳಿಗೆ ತುರುಕಿದ್ದ ಸೀರೆಗಳನ್ನು ಎಳೆದೆಳೆದು ಎಸೆದಳು. “ನಿಂತ್ಕಂಡು ಏನ್ ನೋಡೀಯೆ? ಎತ್ತು ಮಂಚಾನ!” ಎಂದು ಬಾಗಿಲಾಚೆ ನಿಂತಿದ್ದ ಗಂಡ ದೊಡ್ಡಮಾದಯ್ಯನಿಗೆ ಗದರಿದಳು.

ತಾಯಿ-ಕೂಸನ್ನು ಹೊತ್ತ ಮಂಚ ನೀಲಕಂಠಸ್ವಾಮಿಯ ಮನೆ ಬಾಗಿಲಲ್ಲಿ ನಿಂತಿತು. “ಸೂತಕದೋರ್ನ, ಅದ್ರಲ್ಲೂ ನಮ್ಮಂತೋರ್ನ, ಒಳೀಕೆ ಸೇರಿಸ್ತೀರಾ ತಾಯಿ?” ಎಂದಳು ಸಣ್ಣತಾಯಮ್ಮ.

“ಕೂಸಿನ ಮುಂದೆ ಕೇಳೋ ಮಾತೇನಮ್ಮ ಇದು? ಒಳಗೆ ಬನ್ನಿ,” ಎಂದಳು ನೀಲಕಂಠಸ್ವಾಮಿಯ ಹೆಂಡತಿ ಮಂಗಳಗೌರಿ. ಅಷ್ಟರಲ್ಲೇ ನಡುಮನೆಯ ಕಂಬಳಿ ಅವಳ ಕೈಗೆ ಬಂದಿತ್ತು.

ಮಧ್ಯಾಹ್ನ ಆಳುಗಳು ಗುಡಿಸಲ ನೆಲ ಕೆದಕಿದರು. ಮೊಳದಾಳದಲ್ಲಿ ಕೆಂಡ ಕಂಡಿತು. ಸಂಜೆಯ ಹೊತ್ತಿಗೆ ಚಾಮುಂಡಮ್ಮನ ತಲೆನೋವು ಇಳಿದಿತ್ತು.

ಕೂಸಿಗೆ ಎರೆಯುವ ನೀರು ಹದ ಮಾಡುತ್ತಿದ್ದ ಸಣ್ಣತಾಯಮ್ಮ ತಟ್ಟನೆ ಕೈ ಹಿಂದೆಗೆದಳು. “ಬುದ್ದಿ, ನೆಲ ಬೆಚ್ಚಗದೆ ಅಂತ ಈ ಕೈಯೇ ಅಲ್ವಾ ಯೋಳಿದ್ದು? ಇದ್ರ ಮ್ಯಾಲೆ ನಂಗೆ ನಂಬ್ಕೆ ಓಗದೆ. ನಿಮ್ ಕಡ್ಡಿ ಬುಟ್ಟು ನೋಡಿ.”

ನೀಲಕಂಠಸ್ವಾಮಿ ಥರ್ಮಾಮೀಟರನ್ನು ಸೀಗೆಪುಡಿ ಹಾಕಿ ತೊಳೆದು ತಂದ. “ಮೊದಲು ನೀನು ಹೇಳವ್ವಾ.”

ಅವಳು ಅಂಜುತ್ತ ಮೊಣಕೈ ಅದ್ದಿದಳು. “ಸರಿಯಾಗದೆ... ಅನ್ನುಸ್ತದೆ.”

ಅವನು ಕಡ್ಡಿ ಇಳಿಸಿ, ಪಾದರಸ ನಿಲ್ಲುವವರೆಗೆ ಕಾದ. “ಕೂಸನ್ನ ಕೊಡು ಅವ್ವನ ಕೈಗೆ,” ಎಂದ ಹೆಂಡತಿಗೆ.

ನೀರು ಮೂವತ್ತೆಂಟು ಡಿಗ್ರಿ ಇತ್ತು.