ಕೇಶವ ಬಾವನಂಥದ್ದೇ ಇಂಟರ್‌ಕಾಂ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ತಿರುಪ್ಪೂರಿನ ತಿರುಮಲೈಸಾಮಿ ಅದಕ್ಕೆ ಮದ್ದು ಹುಡುಕಿಕೊಂಡು ಕೊಯಮತ್ತೂರಿನ ಅಂಗಡಿಯವರೆಗೂ ಹೋಗಿದ್ದ. ಅದು ಎಂಬತ್ತಾರನೆಯ ಇಸವಿ. ಅವನ ಬನಿಯನ್ ಕಂಪನಿಯ ಆಫೀಸು ರಸ್ತೆಯ ಈಚೆ, ಬನಿಯನ್ ಚೆಕ್ ಮಾಡುವ ಕೋಣೆ ಆಚೆ. ಆಚೆ ಕೂರುವವಳು ಹೆಂಡತಿ ವಿಜಯಕುಮಾರಿ. ಒಂದು ಮಾತು ಹೇಳಬೇಕಾದರೂ ರಸ್ತೆ ದಾಟಬೇಕು. ಹಾಗಾಗಿ ಇಂಟರ್‌ಕಾಂ ಹಾಕಿಸುವುದೆಂದು ತೀರ್ಮಾನವಾಯಿತು.

ಎಲೆಕ್ಟ್ರಿಷಿಯನ್ ತಂಗವೇಲು ಬಂದು ನೋಡಿ, ಎರಡು ಕಂಬ ನೆಟ್ಟು ವೈರ್ ಎಳೆದುಬಿಡೋಣ, ಹತ್ತು ವರ್ಷ ತಿರುಗಿ ನೋಡಬೇಕಾಗಿಲ್ಲ ಎಂದ. ತಿರುಮಲೈಸಾಮಿ ಒಪ್ಪಿಯೂ ಇದ್ದ. ಅಷ್ಟರಲ್ಲಿ ವಿಜಯಕುಮಾರಿ ಬಾಯಿ ಹಾಕಿದಳು.

“ನಮ್ ಕೇಶವ ಬಾವ ವೈರೇ ಇಲ್ದಿರೋದು ಹಾಕ್ಸವ್ರೆ. ಪ್ಲಗ್ಗಿಗೆ ಸಿಕ್ಸಿದ್ರೆ ಆಯ್ತು, ಮಾತು ಕೇಳ್ತದೆ.”

ಆ ‘ನಮ್’ ಅವನ ಎದೆಗೆ ಚುಚ್ಚಿತು. ಕೇಶವ ಬಾವ, ಅಂದರೆ ಚೆನ್ನಕೇಶವನ್, ಅವಳ ಸೋದರಮಾವನ ಮಗ. ಅದೇ ಬೀದಿಯಲ್ಲಿ ಅದೇ ಬನಿಯನ್ ವ್ಯಾಪಾರ. ವರಸೆಯಲ್ಲಿ ಅವಳ ಕೈ ಹಿಡಿಯಬೇಕಾದವನು. ಜಾತಕ ಕೂಡದೆ ಅದು ತಪ್ಪಿ, ಅವಳು ತಿರುಮಲೈಸಾಮಿಯ ಮನೆ ತುಂಬಿ ಹನ್ನೊಂದು ವರ್ಷವಾಗಿತ್ತು. ಇವತ್ತಿಗೂ ಬಾವ ಸ್ಕೂಟರ್ ಕೊಂಡರೆ ಇವನಿಗೆ ನಿದ್ದೆಯಿಲ್ಲ, ಬಾವ ಮೀಸೆ ಬೋಳಿಸಿದರೂ ನಿದ್ದೆಯಿಲ್ಲ.

ವೈರ್ ಬೇಡ, ಅವನ ಹತ್ತಿರ ಇರುವಂಥದ್ದೇ ಬೇಕು, ಅದೇ ಕಂಪನಿಯದು, ಅದೇ ಬಣ್ಣದ್ದು ಎಂದು ಪಟ್ಟು ಹಿಡಿದ. ತಂಗವೇಲು ತಲೆ ಕೆರೆದುಕೊಂಡ. ಆ ಪೆಟ್ಟಿಗೆಯ ಮಾತು ಹೋಗುವುದು ಕರೆಂಟಿನ ಲೈನಿನಲ್ಲೇ, ಅದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಅಂಥದ್ದೇ ಇನ್ನೊಂದಿದ್ದರೆ ಅಲ್ಲಿಗೂ ಕೇಳಿಸುತ್ತದೆ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದ. ತಿರುಮಲೈಸಾಮಿ ನಕ್ಕುಬಿಟ್ಟ. ಗಂಡ ಹೆಂಡತಿ ಆಡುವುದು ಕನ್ನಡ, ಈ ಊರಲ್ಲಿ ಯಾರು ಕೇಳಿಸಿಕೊಂಡರೇನು, ಬೀಗ ಹಾಕಿದ ಹಾಗೇ ಎಂದ. ಬಾವನ ಮನೆಯವರೂ ಆಡುವುದು ಕನ್ನಡವೇ ಎಂಬುದು ಹೊಟ್ಟೆ ಉರಿಯುವವನಿಗೆ ಹೊಳೆಯುವುದಾದರೂ ಹೇಗೆ? ಹೊಳೆಯಲಿಲ್ಲ.

ಕೊಯಮತ್ತೂರಿಗೆ ಹೋಗಿ ಅಂಥದ್ದೇ ಜೋಡಿ ಪೆಟ್ಟಿಗೆ ತಂದು ರಸ್ತೆಯ ಎರಡೂ ಕಡೆ ಸಿಕ್ಕಿಸಿದ. ಒಂದು ತಿಂಗಳು ಎಲ್ಲ ಸುಖವಾಗಿತ್ತು. ಒಂದು ಮಧ್ಯಾಹ್ನ, ಕೆಲಸದವರೆಲ್ಲ ಊಟಕ್ಕೆ ಹೋಗಿದ್ದಾಗ, ಚೆನ್ನಕೇಶವನ್ ಚೆಕ್ಕಿಂಗ್ ಕೋಣೆಯಿಂದ ನಗುತ್ತಾ ಹೊರಬರುವುದು ಇವನ ಕಿಟಕಿಗೆ ಕಂಡಿತು. ಏನು ಕೆಲಸವಿತ್ತೋ, ವಿಚಾರಿಸುವ ತಾಳ್ಮೆ ಇವನಿಗಿರಲಿಲ್ಲ. ಗುಂಡಿ ಒತ್ತಿ, ಹನ್ನೊಂದು ವರ್ಷ ಗಂಟಲಲ್ಲಿ ತಡೆದಿಟ್ಟುಕೊಂಡಿದ್ದನ್ನು ಕಕ್ಕಿಬಿಟ್ಟ.

“ವಿಜಯಾ, ನಿಜ ಹೇಳು. ಆ ಕೇಶವನ್ನೇ ಕಟ್ಕೊಂಡಿದ್ರೆ ಚೆನ್ನಾಗಿತ್ತು ಅಂತ ನಿಂಗೆ ಒಂದಿನಾನೂ ಅನ್ಸಿಲ್ವಾ?”

ಗುಂಡಿ ಬಿಟ್ಟ. ಪೆಟ್ಟಿಗೆ ಗುಂಯ್ ಎಂದಿತು. ಆಮೇಲೆ ಒಂದು ಹೆಣ್ಣು ದನಿ ಬಂತು, ಅದು ವಿಜಯಕುಮಾರಿಯದಲ್ಲ. ಚೆನ್ನಕೇಶವನ ಹೆಂಡತಿ ನಾಚಿಯಮ್ಮನದು. ನಾಲ್ಕು ಜನರೆದುರು ಬಾಯಿ ಬಿಡದ ಹೆಂಗಸು ಅವಳು.

“ಹೇಳಕ್ಕಾ,” ಎಂದಳು. “ಮದ್ವೆ ಆಗಿ ಒಂಬತ್ ವರ್ಷದಿಂದ ನಾನೂ ಇದ್ನೇ ಕೇಳ್ಬೇಕು ಅಂತಿದ್ದೆ.”

ತಿರುಮಲೈಸಾಮಿ ಮಾನ ಹೋಯಿತೆಂದು ಪ್ಲಗ್ಗನ್ನೇ ಕಿತ್ತುಬಿಟ್ಟ. ತಲೆ ಎತ್ತಿ ನೋಡಿದರೆ, ಆಚೆ ಕಿಟಕಿಯಲ್ಲಿ ವಿಜಯಕುಮಾರಿ ಗುಂಡಿ ಒತ್ತಿ ಹಿಡಿದು ಮಾತಾಡುತ್ತಿದ್ದಳು. ಅವಸರವಿಲ್ಲದೆ, ತುಂಬ ಹೊತ್ತು ಮಾತಾಡಿದಳು. ಅವನಿಗೆ ಕಂಡದ್ದು ತುಟಿ ಅಲ್ಲಾಡಿದ್ದು ಮಾತ್ರ. ಪ್ಲಗ್ಗಿನ ನೆನಪಾಗಿ ಮತ್ತೆ ಸಿಕ್ಕಿಸುವಷ್ಟರಲ್ಲಿ ಅವಳು ಮುಗಿಸಿದ್ದಳು. ಪೆಟ್ಟಿಗೆಯಲ್ಲಿ ಇದ್ದದ್ದು ನಾಚಿಯಮ್ಮನ ದನಿ.

“ಸಾಕಕ್ಕಾ, ನಂಗೆ ಇಷ್ಟೇ ಬೇಕಿದ್ದುದು. ಇದು ನಮ್ಮಿಬ್ರೊಳಗೇ ಇರ್ಲಿ.”