ಮುಡಿ ಕೊಡಲು ಮಾತ್ರೆ ಬಿಟ್ಟವನು

ಸಾವಿನ ಬಾಯಿಂದ ಪಾರಾಗಿ ಬಂದವನು ಸುಮ್ಮನೆ ಮನೆಯಲ್ಲಿರಬೇಕು. ಹಳ್ಳಿಮೈಸೂರಿನ ರಂಗಸ್ವಾಮಿಗೆ ಅದಾಗಲಿಲ್ಲ. 2006ರ ಯುಗಾದಿ ಕಳೆದ ಮೇಲೆ ಎದೆನೋವು ಬಂದು, ಮೈಸೂರಿನ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಎಂಬ ಜಾಲರಿ ಹಾಕಿಸಿಕೊಂಡು ಬಂದಿದ್ದ. ನಾಲ್ಕು ತಿಂಗಳಲ್ಲಿ ಹೊಲದವರೆಗೂ ನಡೆಯುವಂತಾದ. ಕಂಡಕಂಡವರಿಗೆಲ್ಲ ಕೈಮುಗಿದ, ಮೈಸೂರಿಗೆ ಕರೆದೊಯ್ದ ಕಾರಿನ ಡ್ರೈವರನ ಮನೆಗೆ ಒಂದು ಮೂಟೆ ತೆಂಗಿನಕಾಯಿ ಇಳಿಸಿ ಬಂದ. ಇನ್ನು ಉಳಿದವನು ಮನೆದೇವರು ರಂಗನಾಥ. ಗಂಡ ಬದುಕಿದರೆ ಅವನ ಮುಡಿ ಕೊಡಿಸುತ್ತೇನೆಂದು ಹೆಂಡತಿ ಬೆಟ್ಟಮ್ಮ ಆಸ್ಪತ್ರೆ ಬಾಗಿಲಲ್ಲೇ ಹರಕೆ ಹೊತ್ತಿದ್ದಳು.

ತೊಡಕು ಇದ್ದದ್ದು ಒಂದೇ. ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಎರಡು ಮಾತ್ರೆ ನುಂಗುತ್ತಿದ್ದವನಿಗೆ, ಗಡ್ಡ ಹೆರೆಯುವಾಗ ಕತ್ತಿ ಚೂರು ತಾಕಿದರೂ ರಕ್ತ ನಿಲ್ಲುತ್ತಿರಲಿಲ್ಲ. ಇಡೀ ತಲೆ ಬೋಳಿಸಿದರೆ ಗತಿ? ದೇವರ ಮುಂದೆ ರಕ್ತ ಸುರಿದರೆ ಮೈಲಿಗೆಯಲ್ಲವೇ? ಯಾರಿಗೂ ಹೇಳದೆ ಐದು ದಿನ ಮಾತ್ರೆ ನಿಲ್ಲಿಸಿದ. ತಾನೇ ಬುದ್ಧಿವಂತನೆಂದು ಒಳಗೊಳಗೇ ಬೀಗಿದ.

ಶನಿವಾರ ಬೆಳಿಗ್ಗೆ ಗುಡಿಯ ಮುಂದೆ ತಲೆ ನೆನೆಸಿಕೊಂಡು ಕುಳಿತ. ಮೂವತ್ತು ವರ್ಷದಿಂದ ಅವನ ಕ್ಷೌರ ಮಾಡುತ್ತಿದ್ದ ಕೆಂಪಣ್ಣ ಕತ್ತಿ ಮಸೆಯುತ್ತಿದ್ದ.

"ಎದ್ರುಕೋಬ್ಯಾಡ ಕಣ್ಲಾ ಕೆಂಪಣ್ಣ, ಐದ್ ದಿನದಿಂದ ಮಾತ್ರೆ ಬುಟ್ಟಿವ್ನಿ. ಒಂದ್ ತೊಟ್ಟೂ ಬರಾಕಿಲ್ಲ."

ಕೆಂಪಣ್ಣ ಕತ್ತಿ ಮಡಿಸಿಬಿಟ್ಟ. "ನಾ ಕೈ ಇಕ್ಕಾಕಿಲ್ಲ ಗೌಡ್ರೇ. ಮೊದ್ಲು ಡಾಕ್ಟ್ರನ್ನ ಕೇಳ್ಕೊಂಡ್ ಬನ್ನಿ."

"ದೇವ್ರ ಕೆಲ್ಸಕ್ಕೆ ಡಾಕ್ಟ್ರು ಯಾಕ್ಲಾ?" ರಂಗಸ್ವಾಮಿಗೆ ರೇಗಿತು.

ಪಕ್ಕದಲ್ಲಿದ್ದ ಬೆಟ್ಟಮ್ಮನ ಕೈಯಿಂದ ನೀರಿನ ಚೊಂಬು ಜಾರಿತು. "ಒಂದ್ ವರ್ಸ ಮಾತ್ರೆ ಬುಡಂಗಿಲ್ಲ ಅಂತ ಡಾಕ್ಟ್ರು ಬಡ್ಕೊಂಡು ಯೋಳಿದ್ರಲ್ಲಾ! ಏಳಿ ಮ್ಯಾಕೆ!"

ಒದ್ದೆ ತಲೆಗೆ ಟವೆಲ್ ಸುತ್ತಿ ಅವನನ್ನು ಹಾಸನದ ಬಸ್ಸು ಹತ್ತಿಸಿದಳು. ಕರೆಯದಿದ್ದರೂ ಕೆಂಪಣ್ಣ ಹಿಂದೆಯೇ ಹತ್ತಿದ. ದಾರಿಯುದ್ದಕ್ಕೂ ಎದೆಯಲ್ಲಿ ಏನಾದರೂ ಚುಚ್ಚಿದಂತಾದರೆ ಸಾಕು, ರಂಗಸ್ವಾಮಿ ಇದೇ ಕೊನೆಯೆಂದು ಕಣ್ಣು ಮುಚ್ಚುತ್ತಿದ್ದ.

ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಅವನನ್ನು ನೋಡಿಕೊಳ್ಳುತ್ತಿದ್ದ ಹಾಸನದ ಹೃದಯದ ಡಾಕ್ಟರು ಕನಕಲಕ್ಷ್ಮಿ ಮೊದಲು ಮಾತ್ರೆ ನುಂಗಿಸಿದರು, ಆಮೇಲೆ ಇಸಿಜಿ ತೆಗೆದರು, ಅದನ್ನು ಎರಡು ಸಲ ನೋಡಿದರು. "ಏನೂ ಆಗಿಲ್ಲ, ನಿಮ್ಮ ಪುಣ್ಯ," ಎಂದ ಮೇಲೆ ಬೈಗುಳ ಶುರುವಾಯಿತು. ಬೈದು ಮುಗಿಸಿ ಹಾಳೆಯ ಮೇಲೆ ಕವಲೊಡೆದ ನಾಳವೊಂದನ್ನು ಬರೆದರು.

"ನೇರ ಇರೋ ಕಡೆ ರಕ್ತ ಒಂದೇ ಸಮನೆ ಹರಿಯುತ್ತೆ. ಅಲ್ಲಿ ಜಾಲರಿ ಮೇಲೆ ತೆಳು ಪೊರೆ ಬೇಗ ಬೆಳೆದು ಗಾಯ ಮಾಯುತ್ತೆ. ನಿಮಗೆ ಹಾಕಿರೋದು ಕವಲಲ್ಲಿ. ಅಲ್ಲಿ ಗೋಡೆ ಪಕ್ಕದಲ್ಲಿ ರಕ್ತ ನಿಧಾನವಾಗಿ ಹಿಂದೆ ಮುಂದೆ ಸುಳಿಯುತ್ತೆ. ಪೊರೆ ಬೆಳೆಯೋದು ತಡ. ಬರೀ ಲೋಹದ ಮೇಲೆ ರಕ್ತ ಗಟ್ಟಿಯಾಗಿಬಿಡಬಹುದು."

"ನಮ್ ನಾಲೆ ತಿರುವ್ನಲ್ಲಿ ಕಸ ಸುತ್ಕೊಂಡ್ ಕುಂತ್ಕೊಳ್ಳಂಗೆ," ಎಂದ ರಂಗಸ್ವಾಮಿ. ಅವನ ದನಿ ಸಣ್ಣಗಾಗಿತ್ತು.

"ಹಾಗೇ. ಮುಡಿ ಕೊಡಿ, ಬೇಡ ಅನ್ನಲ್ಲ. ಮಾತ್ರೆ ನುಂಗಿಯೇ ಕೊಡಿ. ತಲೆ ಗಾಯವನ್ನ ಬಟ್ಟೆ ಇಟ್ಟು ಒತ್ತಿ ಹಿಡಿದರೆ ನಿಲ್ಲುತ್ತೆ. ಒಳಗೆ ಹೆಪ್ಪುಗಟ್ಟಿದರೆ ಅಲ್ಲಿಗೆ ಯಾರ ಬೆರಳು ಹೋಗುತ್ತೆ ಹೇಳಿ?"

ಮುಂದಿನ ಶನಿವಾರ ಬೆಟ್ಟಮ್ಮ ಗುಡಿಯ ಮುಂದೆಯೇ ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡಿದಳು. ಅರ್ಧ ಗಂಟೆಯ ಕೆಲಸಕ್ಕೆ ಕೆಂಪಣ್ಣ ಎರಡು ಗಂಟೆ ತೆಗೆದುಕೊಂಡ. ಆದರೂ ಕಿವಿಯ ಹಿಂದೆ ಕತ್ತಿ ತಾಕಿಯೇಬಿಟ್ಟಿತು. ಬಟ್ಟೆ ಒತ್ತಿ ಹಿಡಿದು, ಕಾಲು ಗಂಟೆ ಅಲುಗಾಡದೆ ನಿಂತ.

"ಕೆಂಪಣ್ಣ, ಅವತ್ತು ನೀನು ಕತ್ತಿ ಮಡ್ಚದೆ ಇದ್ದಿದ್ರೆ ನಾನಿವತ್ತು ಇರ್ತಿರ್ಲಿಲ್ವೇನೋ ಕಣ್ಲಾ," ಎಂದ ರಂಗಸ್ವಾಮಿ. ಕೆಂಪಣ್ಣ ಬಟ್ಟೆಯನ್ನು ಇನ್ನಷ್ಟು ಒತ್ತಿದ.

ರಕ್ತ ನಿಂತ ಮೇಲೂ ರಂಗಸ್ವಾಮಿ ಎದ್ದು ಒಳಗೆ ಹೋಗಲಿಲ್ಲ. ಕತ್ತಿನ ಮೇಲೆ ಇಳಿದಿದ್ದ ಕೆಂಪು ಗೆರೆಯನ್ನು ಮುಟ್ಟಿ ನೋಡಿಕೊಂಡ. "ಲೇ, ರಕ್ತ ಮೈಮ್ಯಾಲಿಟ್ಕೊಂಡು ದೇವ್ರ ಮುಂದೆ ಎಂಗ್ ಓಗ್ಲೇ?"

ಬೆಟ್ಟಮ್ಮ ಸೆರಗಿನ ತುದಿಯಲ್ಲಿ ಅದನ್ನು ಒರೆಸಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಬನ್ನಿ ಸುಮ್ಕೆ. ನಿಮ್ ರಕ್ತ ಅರೀತಾ ಇರ್ಲಿ ಅಂತ ತಾನೇ ನಾನು ಆ ರಂಗನಾಥನ್ನ ಬೇಡ್ಕೊಂಡಿದ್ದು."